ಹಸಿವು ಮುಗಿಸಿ ಬಂದ ಪತಂಗ

ಮಳೆಗಾಲ ಬಂತೆಂದರೆ ಮಲೆನಾಡಿನ ಯಾವುದಾದರೂ ಊರಿನಲ್ಲಿ, ಬೀದಿದೀಪದ ಪಕ್ಕದ ಗೋಡೆಯ ಮೇಲೆ ಅಂಗೈಗಿಂತ ದೊಡ್ಡ ಪತಂಗವೊಂದು ಬಂದು ಕೂರುತ್ತದೆ. ಇಟ್ಟಿಗೆಗೆಂಪು ಮೈ, ಪ್ರತಿ ರೆಕ್ಕೆಯಲ್ಲೂ ಆಚೆಯದು ಮಸುಕಾಗಿ ಕಾಣುವಂಥ ಮುಕ್ಕೋನದ ಕಿಟಕಿ. ನಾವೆಲ್ಲ ಅಟ್ಲಾಸ್ ಪತಂಗ ಎಂದು ಕರೆಯುವುದು ಇದನ್ನೇ. ದಕ್ಷಿಣ ಭಾರತದ್ದು ಅದೇ ಕುಲದ ಬೇರೆ ಪ್ರಭೇದ ಎಂದು ತಜ್ಞರು ಹೇಳುವುದುಂಟು. ಯಾರೋ ಫೋಟೊ ತೆಗೆಯುತ್ತಾರೆ, ಅದು ಪತ್ರಿಕೆಯ ಒಳಪುಟಕ್ಕೋ ವಾಟ್ಸಾಪ್ ಗುಂಪಿಗೋ ಹೋಗುತ್ತದೆ. ಕೆಳಗೆ ಎರಡು ಸಾಲು ಇದ್ದೇ ಇರುತ್ತದೆ: ಇದಕ್ಕೆ ಬಾಯಿಯೇ ಇಲ್ಲ, ಏನೂ ತಿನ್ನುವುದಿಲ್ಲ, ಒಂದೆರಡು ವಾರದಲ್ಲಿ ಸಾಯುತ್ತದೆ. ಓದಿದವರು ಅಯ್ಯೋ ಪಾಪ ಎನ್ನುತ್ತಾರೆ.

ಆ ಮರುಕ ನಿಜವಾದದ್ದೇ, ಅದನ್ನು ಹಗುರ ಮಾಡುವ ಮನಸ್ಸು ನನಗಿಲ್ಲ. ಆದರೆ ಅದು ಬೀಳಬೇಕಾದ ಜಾಗದಲ್ಲಿ ಬೀಳುತ್ತಿಲ್ಲ. ರೆಕ್ಕೆ ಬಂದ ದಿನದಿಂದ ಒಂದು ಜೀವದ ಆಯುಸ್ಸನ್ನು ಎಣಿಸಲು ಶುರುಮಾಡಿದ್ದೇ ನಮ್ಮ ಲೆಕ್ಕದ ಮೊದಲ ತಪ್ಪು. ಆ ತಪ್ಪಿನಿಂದಾಗಿ ಯಾವುದನ್ನು ಕಾಪಾಡಬೇಕು, ಯಾವಾಗ ಕಾಪಾಡಬೇಕು ಎಂಬುದೂ ತಪ್ಪಿಹೋಗುತ್ತಿದೆ.

ಕಾಡಿನ ಪತಂಗದ ಬದುಕನ್ನು ಮೊದಲಿನಿಂದ ಕೊನೆಯವರೆಗೆ ಕಂಡವರು ಕಡಿಮೆ. ರೇಷ್ಮೆ ಹುಳುವನ್ನು ಮಾತ್ರ ಕೋಲಾರ, ಚಿಕ್ಕಬಳ್ಳಾಪುರ, ರಾಮನಗರ, ಮಂಡ್ಯದ ಕಡೆಯ ಸಾವಿರಾರು ಮನೆಗಳು ಹತ್ತಿರದಿಂದ ನೋಡಿವೆ. ರೇಷ್ಮೆ ಪತಂಗವೂ ಏನನ್ನೂ ತಿನ್ನದ ಜಾತಿಯದೇ. ಹಾಗಾಗಿ ಲೆಕ್ಕವನ್ನು ಅಲ್ಲಿಂದಲೇ ಹಾಕೋಣ. ಇಟ್ಟ ಮೊಟ್ಟೆ ಸುಮಾರು ಹತ್ತು ದಿನಕ್ಕೆ ಒಡೆಯುತ್ತದೆ. ಹೊರಬರುವ ಮರಿ ಅರ್ಧ ಮಿಲಿಗ್ರಾಮಿನಷ್ಟು ತೂಗುವ ಕಪ್ಪು ಎಳೆ. ಮೊದಲು ಚಾಕಿ ಸಾಕಾಣಿಕೆ, ಅಂದರೆ ಎಳೆ ಮರಿಗಳ ಸಾಕಣೆ, ಹೆಚ್ಚಿದ ಎಳೆ ಸೊಪ್ಪು. ಆಮೇಲೆ ಒಂದು, ಎರಡು, ಮೂರು, ನಾಲ್ಕು ಜ್ವರ. ಹುಳು ತಲೆಯೆತ್ತಿ ಅಲುಗದೆ ಕೂತು ಪೊರೆ ಬಿಡುವ ಹೊತ್ತಿಗೆ ರೈತರು ಇಟ್ಟ ಹೆಸರು ಅದು. ನಾಲ್ಕನೇ ಜ್ವರ ಎದ್ದ ಮೇಲೆ ಮನೆಯವರಿಗೆ ನಿದ್ದೆಯಿಲ್ಲ. ಹುಳು ತನ್ನ ಇಡೀ ಬದುಕಿನಲ್ಲಿ ತಿನ್ನುವ ಸೊಪ್ಪಿನ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚನ್ನು ಈ ಕೊನೆಯ ಏಳೆಂಟು ದಿನದಲ್ಲಿ ತಿನ್ನುತ್ತದೆ. ರಾತ್ರಿ ಹುಳು ಮನೆಯ ಬಾಗಿಲಲ್ಲಿ ನಿಂತರೆ ಹೆಂಚಿನ ಮೇಲೆ ಸಣ್ಣ ಮಳೆ ಹಿಡಿದ ಸದ್ದು ಕೇಳುತ್ತದೆ. ಅದು ಸಾವಿರಾರು ದವಡೆಗಳು ಹಿಪ್ಪುನೇರಳೆ ಎಲೆಯ ಅಂಚನ್ನು ಕತ್ತರಿಸುವ ಸದ್ದು. ಇಪ್ಪತ್ತೈದು ದಿನದ ಆಸುಪಾಸಿನಲ್ಲಿ ಹುಳು ಹಣ್ಣಾಗಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆ ಏರುವ ಹೊತ್ತಿಗೆ ಅದರ ತೂಕ ನಾಲ್ಕೈದು ಗ್ರಾಂ, ಹುಟ್ಟಿದಾಗಿನ ಸುಮಾರು ಹತ್ತು ಸಾವಿರ ಪಟ್ಟು. ಮುಂದೆ ಗೂಡಿನೊಳಗೆ ಹತ್ತು ಹನ್ನೆರಡು ದಿನ ಪ್ಯೂಪಾ. ಕೊನೆಗೆ ಐದರಿಂದ ಹತ್ತು ದಿನ ಪತಂಗ.

ಒಟ್ಟು ಐವತ್ತು ದಿನದ ಸುತ್ತಮುತ್ತಲ ಬದುಕು. ಅದರ ಕೊನೆಯ ವಾರವನ್ನು ಮಾತ್ರ ಹಿಡಿದು ಇದು ಎಷ್ಟು ಅಲ್ಪಾಯುಷಿ, ಎಷ್ಟು ಹಸಿದ ಜೀವ ಎಂದರೆ ಹೇಗೆ? ಅಷ್ಟು ಉಂಡ ಜೀವಗಳು ಕಡಿಮೆ. ಪತಂಗ ಹಸಿದಿಲ್ಲ, ಹಸಿವಿನ ಕೆಲಸವನ್ನು ಮುಗಿಸಿ ಬಂದಿದೆ.

ಬಾಯಿಯೇ ಇಲ್ಲ ಎನ್ನುವ ಮಾತನ್ನೂ ಸ್ವಲ್ಪ ತಿದ್ದಬೇಕು. ಹೂವಿನ ಮಕರಂದ ಹೀರುವ ಪತಂಗಗಳಲ್ಲಿ ಸುರುಳಿ ಸುತ್ತಿಕೊಂಡ ಉದ್ದನೆಯ ಹೀರುಗೊಳವೆ ಇರುತ್ತದಲ್ಲ, ರೇಷ್ಮೆ ಪತಂಗದಲ್ಲಿ, ಅಟ್ಲಾಸ್ ಸೇರಿದ ಸ್ಯಾಟರ್ನಿಡ್ ಕುಟುಂಬದಲ್ಲಿ ಅದು ಕುಗ್ಗಿ ಉಪಯೋಗಕ್ಕೆ ಬಾರದಂತಾಗಿದೆ. ಗೂಡಿನಿಂದ ಹೊರಬರುವ ರೇಷ್ಮೆ ಪತಂಗದ ಹೆಣ್ಣಿನ ಹೊಟ್ಟೆ ತುಂಬ ಆಗಲೇ ಬಲಿತ ಮೊಟ್ಟೆಗಳಿರುತ್ತವೆ, ನಾನೂರು ಐನೂರು. ಅವಕ್ಕೆ ಬೇಕಾದ ಸಾರವೆಲ್ಲ ಪ್ಯೂಪಾ ಹಂತದಲ್ಲೇ ತುಂಬಿದ್ದು. ಸಾರ ಬಂದದ್ದು ಹುಳುವಿನ ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದ, ಪ್ರೋಟೀನಿನಿಂದ, ಅಂದರೆ ಎಲೆಯಿಂದ. ಜೀವವಿಜ್ಞಾನಿಗಳು ಪ್ರಾಣಿಗಳನ್ನು ಈ ದೃಷ್ಟಿಯಿಂದ ಎರಡಾಗಿ ನೋಡುತ್ತಾರೆ: ಕೂಡಿಟ್ಟ ಬಂಡವಾಳದಿಂದ ಮರಿ ಮಾಡುವವು, ಅಂದಂದಿನ ಗಳಿಕೆಯಿಂದ ಮರಿ ಮಾಡುವವು. ಪರಂಗಿ ಹೂವಿಗೆ ಮುಸ್ಸಂಜೆ ಬರುವ ಗಿಡುಗ ಪತಂಗ ಎರಡನೆಯ ದಾರಿಯದು. ಅದು ಮಕರಂದ ಹೀರುತ್ತದೆ, ಅಲೆಯುತ್ತದೆ, ಇನ್ನೂ ಕೆಲವು ವಾರ ಬದುಕುತ್ತದೆ. ರೇಷ್ಮೆ ಪತಂಗ, ಅಟ್ಲಾಸ್, ಟಸರ್, ಬಾಲವುಳ್ಳ ತಿಳಿಹಸಿರು ಚಂದ್ರ ಪತಂಗ ಮೊದಲನೆಯ ದಾರಿಯವು.

ಎರಡಕ್ಕೂ ಬೆಲೆಯಿದೆ. ಮಕರಂದದಲ್ಲಿ ಸಕ್ಕರೆ ಹೇರಳ, ಮೊಟ್ಟೆ ಕಟ್ಟಲು ಬೇಕಾದ ಪ್ರೋಟೀನ್ ಅತ್ಯಲ್ಪ. ಮಕರಂದ ಹುಡುಕಿ ಹೂವಿಂದ ಹೂವಿಗೆ ಹಾರುವಾಗ ಪ್ರತಿ ಸುತ್ತಿನಲ್ಲೂ ಬಾವಲಿಯ ಬಾಯಿಗೆ ಬೀಳುವ ಅಪಾಯ. ಆ ಓಡಾಟವನ್ನೇ ಬಿಟ್ಟುಬಿಟ್ಟರೆ ಉಳಿದ ಶಕ್ತಿಯೆಲ್ಲ ಒಂದೇ ಕೆಲಸಕ್ಕೆ ಸಿಗುತ್ತದೆ. ಆದರೆ ಹಾಗೆ ಬಿಟ್ಟ ಜೀವಕ್ಕೆ ಕಾಯುವ ಅವಕಾಶವಿಲ್ಲ. ಮೂರು ದಿನ ಜಡಿಮಳೆ ಹಿಡಿದರೆ, ಸಂಗಾತಿ ಸಿಗದಿದ್ದರೆ, ದಾರಿ ತಪ್ಪಿದರೆ, ಕಳೆದ ಶಕ್ತಿಯನ್ನು ತುಂಬಿಕೊಳ್ಳಲು ಬೇರೆ ದಾರಿಯಿಲ್ಲ. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ದೀಪದ ವಿಷಯಕ್ಕೆ ಬಂದಾಗ ಇದೇ ಮುಖ್ಯವಾಗುತ್ತದೆ.

ಆ ಕೆಲವು ರಾತ್ರಿಗಳನ್ನು ಈ ಜೀವಗಳು ಹೇಗೆ ಬಳಸುತ್ತವೆ ಎಂಬುದನ್ನು ಮನಮುಟ್ಟುವಂತೆ ಬರೆದವನು ಫ್ರಾನ್ಸಿನ ಕೀಟತಜ್ಞ ಜಾನ್ ಆನ್ರಿ ಫಾಬ್ರ್. ಸೆರಿನ್ಯಾನ್ ಹಳ್ಳಿಯ ಅವನ ಮನೆಯಲ್ಲಿ ಒಂದು ಮೇ ತಿಂಗಳ ಬೆಳಿಗ್ಗೆ, ಯುರೋಪಿನ ಅತಿ ದೊಡ್ಡ ಪತಂಗವಾದ ಗ್ರೇಟ್ ಪೀಕಾಕ್‌ನ ಹೆಣ್ಣೊಂದು ಗೂಡೊಡೆದು ಹೊರಬಂತು. ಅವನು ಅದನ್ನು ತಂತಿಬಲೆಯ ಗೂಡಿನೊಳಗೆ ಇಟ್ಟ. ಅಂದು ರಾತ್ರಿ ಮನೆಯೆಲ್ಲ ಗಂಡು ಪತಂಗಗಳು, ಸುಮಾರು ನಲವತ್ತು. ಎಂಟು ರಾತ್ರಿಗಳಲ್ಲಿ ನೂರೈವತ್ತು ಬಂದವು. ಆ ಸುತ್ತಿನಲ್ಲಿ ಆ ಪತಂಗ ಅಪರೂಪದ್ದು, ಹಾಗಾಗಿ ಬಹುದೂರದಿಂದಲೇ ಬಂದಿರಬೇಕು ಎಂದು ಅವನು ಊಹಿಸಿದ. ಏನು ಅವನ್ನು ಕರೆಯಿತು ಎಂಬುದನ್ನು ತಿಳಿಯಲು ಅವನು ವರ್ಷಗಟ್ಟಲೆ ಪ್ರಯೋಗ ಮಾಡಿದ.

ಉತ್ತರ ಸಿಕ್ಕಿದ್ದು ರೇಷ್ಮೆ ಪತಂಗದಲ್ಲಿ, 1959ರಲ್ಲಿ. ಜರ್ಮನಿಯ ರಸಾಯನಶಾಸ್ತ್ರಜ್ಞ ಅಡಾಲ್ಫ್ ಬುಟೆನಾಂಟ್ ಮತ್ತು ಅವನ ಸಂಗಡಿಗರು ಸುಮಾರು ಇಪ್ಪತ್ತು ವರ್ಷ ದುಡಿದು, ಐದು ಲಕ್ಷದಷ್ಟು ಹೆಣ್ಣು ಪತಂಗಗಳ ಗ್ರಂಥಿಗಳಿಂದ ಗಂಡನ್ನು ಕರೆಯುವ ವಾಸನೆಯ ವಸ್ತುವನ್ನು ಕೆಲವೇ ಮಿಲಿಗ್ರಾಂ ತೆಗೆದರು. ಬೊಂಬಿಕಾಲ್ ಎಂದು ಹೆಸರಿಟ್ಟರು. ಯಾವುದೇ ಜೀವಿಯ ಫೆರೊಮೋನಿನ, ಅಂದರೆ ತನ್ನ ಜಾತಿಯವಕ್ಕೆ ಸುದ್ದಿ ಕೊಡುವ ವಾಸನೆಯ, ರಾಸಾಯನಿಕ ರಚನೆ ಮನುಷ್ಯನಿಗೆ ತಿಳಿದದ್ದು ಅದೇ ಮೊದಲು. ಗಂಡಿನ ಬಾಚಣಿಗೆಯಾಕಾರದ ಮೀಸೆಯ ಕೂದಲಲ್ಲಿರುವ ನರಕೋಶಕ್ಕೆ ಅದರ ಒಂದೇ ಒಂದು ಅಣು ತಾಗಿದರೂ ಮಿದುಳಿಗೆ ಸುದ್ದಿ ಹೊರಡುತ್ತದೆ ಎಂದು ಮುಂದಿನ ವರ್ಷಗಳಲ್ಲಿ ಗೊತ್ತಾಯಿತು. ಬಾಯಿಯ ಮೇಲೆ ಉಳಿಸಿದ್ದನ್ನು ಈ ಜೀವ ಮೀಸೆಯ ಮೇಲೆ ಖರ್ಚು ಮಾಡಿದೆ. ಇದನ್ನು ತಿಳಿದ ಮೇಲೆ ನನಗೆ ಅಯ್ಯೋ ಪಾಪ ಎನ್ನುವ ಮಾತು ಬಾಯಿಗೆ ಬರುವುದಿಲ್ಲ. ಬರುವುದು ಬೆರಗು.

ನಮ್ಮ ಪರಂಪರೆ ಪತಂಗವನ್ನು ಹೆಚ್ಚಾಗಿ ಮರುಳ ಜೀವಿಯಾಗಿ ಕಂಡಿದೆ. ಭಾಗವತದ ಅವಧೂತನಿಗೆ ಇಪ್ಪತ್ತನಾಲ್ಕು ಗುರುಗಳು, ಅವರಲ್ಲಿ ಪತಂಗವೂ ಒಂದು. ರೂಪಕ್ಕೆ ಮರುಳಾಗಿ ಬೆಂಕಿಗೆ ಬೀಳುವುದು ಅದು ಕಲಿಸಿದ ಪಾಠ. ಅಕ್ಕಮಹಾದೇವಿ ತನ್ನದೇ ನೂಲಿನಲ್ಲಿ ಸಿಕ್ಕಿ ಸಾಯುವ ರೇಷ್ಮೆ ಹುಳುವನ್ನು ತನ್ನ ಮನಸ್ಸಿನ ಬಂಧನಕ್ಕೆ ಹೋಲಿಸಿದಳು. ಆ ವಚನ ಮನಸ್ಸಿನ ಕುರಿತದ್ದು, ಅಲ್ಲಿ ಅದು ಸತ್ಯ. ಅದರ ಆಳವನ್ನು ಯಾವ ಕೀಟಶಾಸ್ತ್ರವೂ ಕುಗ್ಗಿಸುವುದಿಲ್ಲ. ಆದರೆ ಹುಳುವಿನ ಮಟ್ಟಿಗೆ ಹೇಳುವುದಾದರೆ ಗೂಡು ಅದಕ್ಕೆ ಸೆರೆಮನೆಯಲ್ಲ. ಹೊರಬರುವ ಹೊತ್ತಿಗೆ ಪತಂಗ ಬಾಯಿಯ ಭಾಗದಿಂದ ಕೊಕೂನೇಸ್ ಎಂಬ ಕಿಣ್ವವನ್ನು ಒಸರಿಸುತ್ತದೆ. ಅದು ಎಳೆಗಳನ್ನು ಹಿಡಿದಿಟ್ಟ ಅಂಟನ್ನು ಕರಗಿಸುತ್ತದೆ, ಮೆತ್ತಗಾದ ತುದಿಯನ್ನು ತಲೆಯಿಂದ ತಳ್ಳಿಕೊಂಡು ಪತಂಗ ಹೊರಗೆ ಬರುತ್ತದೆ. ಉಣ್ಣಲು ಬಾರದ ಬಾಯಿಗೆ ಇದೊಂದು ಕೆಲಸ ಉಳಿದಿದೆ. ಗೂಡಿನಲ್ಲಿ ಹುಳು ಸಾಯುವುದು ನಾವು ಬಿಸಿ ಹಬೆಗೆ ಒಡ್ಡುವುದರಿಂದ.

ದೀಪದ ವಿಷಯವೂ ಹಾಗೇ. ಪತಂಗಕ್ಕೆ ಬೆಳಕಿನ ಮೋಹವಿಲ್ಲ. 2024ರ ಜನವರಿಯಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ವಿಜ್ಞಾನಿಗಳು ಅತಿವೇಗದ ಕ್ಯಾಮೆರಾಗಳಿಂದ ದೀಪದ ಸುತ್ತ ಹಾರುವ ಕೀಟಗಳನ್ನು ಚಿತ್ರಿಸಿ, ಅವು ಬೆಳಕಿನ ಕಡೆಗೆ ನೇರ ಹಾರುತ್ತಿಲ್ಲ, ಬೆಳಕಿಗೆ ಬೆನ್ನು ತಿರುಗಿಸುತ್ತಿವೆ ಎಂದು ತೋರಿಸಿದರು. ಕೋಟ್ಯಂತರ ವರ್ಷ ರಾತ್ರಿಯಲ್ಲಿ ಬೆಳಕಿದ್ದದ್ದು ಮೇಲೆ, ಆಕಾಶದಲ್ಲಿ. ಬೆನ್ನನ್ನು ಬೆಳಕಿನ ಕಡೆ ಇಟ್ಟುಕೊಂಡರೆ ಮೈ ನೆಟ್ಟಗೆ ಇರುತ್ತಿತ್ತು. ಈಗ ಬೆಳಕು ಪಕ್ಕದಲ್ಲಿದೆ, ಕೆಳಗಿದೆ. ಬೆನ್ನು ಅತ್ತ ತಿರುಗಿದ ಕೂಡಲೇ ಹಾರಾಟ ವಾಲುತ್ತದೆ, ಸುತ್ತು ಬೀಳುತ್ತದೆ, ಆ ಸುತ್ತಿನಿಂದ ಬಿಡಿಸಿಕೊಳ್ಳಲಾಗುವುದಿಲ್ಲ.

ಮಕರಂದ ಹೀರುವ ಪತಂಗ ದೀಪದ ಬಳಿ ಒಂದು ರಾತ್ರಿ ಕಳೆದುಕೊಂಡರೆ, ಮರುದಿನ ಹೂವಿನಿಂದ ಸ್ವಲ್ಪವಾದರೂ ತುಂಬಿಕೊಳ್ಳಬಹುದು. ತಿನ್ನದ ಪತಂಗಕ್ಕೆ ಇರುವುದೇ ಕೆಲವು ರಾತ್ರಿ. ಗಾಳಿಯಲ್ಲಿ ಬರುವ ಹೆಣ್ಣಿನ ವಾಸನೆಯನ್ನು ಹಿಡಿದು ಹೋಗಬೇಕಾದ ಗಂಡು ದೀಪದ ಕಂಬಕ್ಕೆ ಸುತ್ತು ಹಾಕುತ್ತ ಬೆಳಗಾದರೆ, ರೆಕ್ಕೆಯ ಬದುಕಿನ ಒಂದು ಪಾಲು ಅಷ್ಟೇ ಅಲ್ಲ, ವಾರಗಟ್ಟಲೆ ಎಲೆ ತಿಂದು ಕೂಡಿಟ್ಟ ಬಂಡವಾಳದ ಒಂದು ಪಾಲೂ ಹೋದಂತೆ. ಅದು ಮರಳುವುದಿಲ್ಲ. ಆದ್ದರಿಂದ ತೋಟದ ಮನೆಗಳು, ಹೋಮ್‌ಸ್ಟೇಗಳು, ಘಟ್ಟದ ರಸ್ತೆಗಳು ಇಡೀ ರಾತ್ರಿ ಬಿಳಿ ಎಲ್‌ಇಡಿ ಉರಿಸುವುದನ್ನು ವಿದ್ಯುತ್ ಬಿಲ್ಲಿನ ಪ್ರಶ್ನೆಯಾಗಿ ಮಾತ್ರ ನೋಡಬಾರದು. ಬೆಳಕನ್ನು ಕೆಳಮುಖ ಮಾಡಿ, ಹಳದಿ ಬಲ್ಬು ಹಾಕಿ, ಜನ ಮಲಗಿದ ಮೇಲೆ ಆರಿಸಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಗೋಡೆಯ ಮೇಲೆ ಕೂತ ಅಟ್ಲಾಸ್ ಪತಂಗದ ಫೋಟೊ ಎಂದರೆ ಬಹುಪಾಲು ದಾರಿ ತಪ್ಪಿದ ಪತಂಗದ ಫೋಟೊ.

ಇನ್ನು ರೇಷ್ಮೆಗಾಗಿ ಹುಳುವನ್ನು ಕೊಲ್ಲುವ ಪ್ರಶ್ನೆ. ಇದು ಕಷ್ಟದ ಪ್ರಶ್ನೆ, ಅರ್ಧಂಬರ್ಧ ಮುಟ್ಟಿ ಬಿಡುವಂಥದ್ದಲ್ಲ.

ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯೊಂದರಲ್ಲಿ ಬೆಳಗಿನ ಜಾವ ಏನಾಗುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ಬಿತ್ತನೆ ಗೂಡುಗಳಿಂದ ಬೆಳಕು ಹರಿಯುವ ಹೊತ್ತಿಗೆ ಪತಂಗಗಳು ಹೊರಬರುತ್ತವೆ. ಬೆಳ್ಳಗೆ, ತೇವ ಆರದ ರೆಕ್ಕೆ. ಗಂಡುಗಳು ಹೊರಬಂದವೇ ರೆಕ್ಕೆ ಪಟಪಟ ಬಡಿಯುತ್ತ ತಟ್ಟೆಯ ಮೇಲೆ ನಡೆದಾಡುತ್ತವೆ. ಹಾರುವುದಿಲ್ಲ. ಚೀನಾದಲ್ಲಿ ಸುಮಾರು ಐದು ಸಾವಿರ ವರ್ಷಗಳ ಹಿಂದೆ ಆರಂಭವಾದ ಸಾಕಾಣಿಕೆ ಇವುಗಳ ಹಾರಾಟವನ್ನು ಕಸಿದುಕೊಂಡಿದೆ. ಇವುಗಳ ಕಾಡು ಬಂಧು ಬೊಂಬಿಕ್ಸ್ ಮ್ಯಾಂಡರಿನಾ ಈಗಲೂ ಹಾರುತ್ತದೆ. ಹೆಣ್ಣುಗಳು ಭಾರದ ಹೊಟ್ಟೆ ಹೊತ್ತು ಇದ್ದಲ್ಲೇ ಕೂತಿರುತ್ತವೆ. ಜೋಡಿಯಾದ ಮೇಲೆ ತಟ್ಟೆಗಳನ್ನು ಕತ್ತಲಲ್ಲಿ ಇಟ್ಟು, ಮೂರು ನಾಲ್ಕು ಗಂಟೆ ಕಳೆದ ಮೇಲೆ ಕೈಯಿಂದಲೇ ಮೆಲ್ಲಗೆ ಬಿಡಿಸುತ್ತಾರೆ. ಗಂಡುಗಳು ತಣ್ಣನೆಯ ಪೆಟ್ಟಿಗೆಗೆ ಹೋಗುತ್ತವೆ, ನಾಳೆ ಇನ್ನೊಮ್ಮೆ ಬೇಕಾಗಬಹುದು. ಹೆಣ್ಣುಗಳನ್ನು ಒಂದೊಂದಾಗಿ ಕಾಗದದ ಹಾಳೆಯ ಮೇಲೆ ಇಟ್ಟು ದುಂಡನೆಯ ಪ್ಲಾಸ್ಟಿಕ್ ಮುಚ್ಚಳ ಕವುಚುತ್ತಾರೆ. ಮರುದಿನ ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಳೆಯ ಮೇಲೆ ಒಂದು ಸುತ್ತು ಮೊಟ್ಟೆ, ಪಕ್ಕದಲ್ಲಿ ಹೊಟ್ಟೆ ಇಳಿದ ತಾಯಿ. ಆ ತಾಯಿಯನ್ನು ಅರೆದು, ದ್ರಾವಣದಲ್ಲಿ ಕಲಸಿ, ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಪೆಬ್ರಿನ್ ರೋಗದ ಬೀಜಕಣ ಕಂಡರೆ ಅದರ ಮೊಟ್ಟೆಗಳನ್ನೆಲ್ಲ ಸುಡುತ್ತಾರೆ. ಆ ರೋಗ ತಾಯಿಯಿಂದ ಮೊಟ್ಟೆಯೊಳಕ್ಕೇ ಇಳಿಯುವಂಥದ್ದು. ಈ ಪರೀಕ್ಷೆಯನ್ನು ರೂಢಿಸಿದವನು ಲೂಯಿ ಪಾಸ್ಚರ್, 1865ರಿಂದ ಐದು ವರ್ಷ ಫ್ರಾನ್ಸಿನ ಆಲೆಸ್ ಪ್ರದೇಶದಲ್ಲಿ ಕೆಲಸ ಮಾಡಿ. ಇಂದಿಗೂ ನಮ್ಮ ರೈತನ ಕೈಗೆ ಬರುವ ರೋಗರಹಿತ ಮೊಟ್ಟೆಯ ಹಿಂದೆ ಆ ವಿಧಾನವಿದೆ.

ಗೂಡಿನೊಳಗೆ ಹುಳುವನ್ನು ಕೊಂದು ನೂಲು ತೆಗೆಯುವುದು ಬೇಡ, ಪತಂಗ ಹೊರಬಂದ ಮೇಲೆ ಉಳಿದ ಗೂಡಿನಿಂದ ಬಟ್ಟೆ ಮಾಡೋಣ ಎನ್ನುವ ಅಹಿಂಸಾ ರೇಷ್ಮೆಯ ಪ್ರಯತ್ನವಿದೆ. ಹೈದರಾಬಾದಿನ ಕುಸುಮ ರಾಜಯ್ಯ ಅದಕ್ಕಾಗಿ ದೀರ್ಘಕಾಲ ದುಡಿದವರು. ತೂತಾದ ಗೂಡಿನ ಎಳೆ ತುಂಡಾಗಿರುವುದರಿಂದ ಅದನ್ನು ಬಿಚ್ಚಲಾಗದು, ಹತ್ತಿಯ ಹಾಗೆ ನೂಲಬೇಕು. ಬಟ್ಟೆ ಒರಟು, ಬೆಲೆ ಹೆಚ್ಚು. ಹಾಗಿದ್ದೂ ಅದನ್ನು ಕೊಳ್ಳುವವರ ಮನಸ್ಸನ್ನು ನಾನು ಗೌರವಿಸುತ್ತೇನೆ. ಪ್ಯೂಪಾಗೆ ನೋವೇ ಆಗದು ಎಂದು ವಾದಿಸಿ ತಪ್ಪಿಸಿಕೊಳ್ಳುವುದು ಪ್ರಾಮಾಣಿಕವಲ್ಲ.

ಆದರೆ ಈ ಅಹಿಂಸೆಯೂ ಲೆಕ್ಕವನ್ನು ರೆಕ್ಕೆಯಿಂದಲೇ ಶುರುಮಾಡುತ್ತದೆ ಎಂಬುದು ನನ್ನ ತಕರಾರು. ಗೂಡಿನಿಂದ ಬಿಟ್ಟ ಪತಂಗ ಏನು ಮಾಡುತ್ತದೆ? ಹಾರಲಾರದು, ತಿನ್ನಲಾರದು. ಜೋಡಿಯಾಗುತ್ತದೆ, ನಾನೂರು ಮೊಟ್ಟೆ ಇಡುತ್ತದೆ, ಸಾಯುತ್ತದೆ. ಸಾಕಾಣಿಕೆಯಲ್ಲಿ ನೂರು ಮೊಟ್ಟೆ ಎಂದರೆ ನೂರು ತಾಯಂದಿರ ಮೊಟ್ಟೆಯ ಸುತ್ತು, ಅದಕ್ಕೆ ಸುಮಾರು ಒಂದು ಟನ್ ಸೊಪ್ಪು ಬೇಕು. ಹಾಗಾದರೆ ಒಂದೊಂದು ಹೆಣ್ಣಿನ ಮರಿಗಳಿಗೆ ಹತ್ತು ಕಿಲೋ. ಸಾವಿರ ಗೂಡು ಬಿಟ್ಟರೆ ಅರ್ಧದಷ್ಟು ಹೆಣ್ಣು, ಐದು ಟನ್ ಸೊಪ್ಪು. ಆ ಸೊಪ್ಪು ಎಲ್ಲಿಂದ ಬರಬೇಕು? ಸೊಪ್ಪಿಲ್ಲದ ಕಡೆ ಮೊಟ್ಟೆಯೊಡೆದ ಮರಿಗಳು ಒಂದೆರಡು ದಿನದಲ್ಲಿ ಹಸಿವಿನಿಂದ ಸಾಯುತ್ತವೆ. ಹುಳು ಹರಿದು ಹೋಗಿ ಎಲೆ ಹುಡುಕುವ ಗುಣವನ್ನೂ ಸಾಕಾಣಿಕೆ ಕಳೆದಿದೆ. ಮೊಟ್ಟೆಗಳನ್ನು ಒಡೆಯುವ ಮುನ್ನ ನಾಶಮಾಡಿದರೆ ಅದು ಒಂದು ಲೆಕ್ಕ, ಆದರೆ ಆಗ ಕೊಲೆಯನ್ನು ಒಂದು ಹಂತ ಮುಂದೂಡಿದಂತಾಯಿತೇ ಹೊರತು ತಪ್ಪಿಸಿದಂತಾಗಲಿಲ್ಲ. ತಿನ್ನದ ಪತಂಗಕ್ಕೆ ನಾಲ್ಕು ದಿನ ಹೆಚ್ಚು ಕೊಟ್ಟೆವು ಎಂಬ ಸಮಾಧಾನದಲ್ಲಿ ತಿನ್ನುವ ಮರಿಗಳು ಮರೆತುಹೋಗುತ್ತವೆ. ಅಸ್ಸಾಮಿನ ಎರಿ ರೇಷ್ಮೆಯಲ್ಲಿ ಗೂಡಿನ ಒಂದು ತುದಿ ಹುಟ್ಟಿನಿಂದಲೇ ತೆರೆದಿರುತ್ತದೆ, ಪತಂಗ ಎಳೆಗೆ ತೊಂದರೆ ಮಾಡದೆ ಹೊರಬರಬಹುದು. ಹಾಗಿದ್ದೂ ಅಲ್ಲಿನ ಜನ ಬಹಳಷ್ಟು ಪ್ಯೂಪಾಗಳನ್ನು ಹೊರತೆಗೆದು ಅಡುಗೆ ಮಾಡಿ ತಿನ್ನುತ್ತಾರೆ. ಅದು ಅವರ ಮನೆಯ ಊಟ. ಅದನ್ನು ಹಿಂಸೆ ಎಂದು ದೂರುವವರಿಗಿಂತ ಆ ಮನೆಗಳಿಗೆ ತಮ್ಮ ಹುಳುವಿನ ಪರಿಚಯ ಹೆಚ್ಚು.

ರೇಷ್ಮೆ ಹುಳುವಿನ ಮೇಲೆ ನಿಜವಾದ ಅಕ್ಕರೆ ಇರುವವರು ಕೇಳಬೇಕಾದ ಪ್ರಶ್ನೆ ಅದು ಉಣ್ಣುವ ಇಪ್ಪತ್ತೈದು ದಿನದ ಕುರಿತು. ಪಕ್ಕದ ಹೊಲದವರು ಹೊಡೆದ ಕೀಟನಾಶಕ ಗಾಳಿಯಲ್ಲಿ ಬಂದು ಸೊಪ್ಪಿಗೆ ಕೂತರೆ, ಇಡೀ ಮನೆಯ ಹುಳು ಬಾಯಲ್ಲಿ ಹಸಿರು ರಸ ಕಕ್ಕಿ, ಮೈ ಸೆಟೆದು ಸಾಯುವುದನ್ನು ರೈತರು ನೋಡಿದ್ದಾರೆ. ಅಂಥ ಸಾವಿಗೆ ಯಾರೂ ಅಹಿಂಸೆಯ ಹೆಸರಿನಲ್ಲಿ ಚಳವಳಿ ಮಾಡಿದ್ದನ್ನು ನಾನು ಕಂಡಿಲ್ಲ. ಹಿಪ್ಪುನೇರಳೆ ತೋಟಕ್ಕೆ ಎಷ್ಟು ಅಂತರ ಬಿಟ್ಟು ಏನನ್ನು ಸಿಂಪಡಿಸಬೇಕು ಎಂಬುದು ಊರೊಳಗಿನ ಜಗಳವಾಗಿಯೇ ಉಳಿದಿದೆ.

ಕಾಡಿನ ಪತಂಗಗಳಿಗೂ ಇದೇ ಮಾತು. ರೆಕ್ಕೆಯುಳ್ಳದ್ದನ್ನು ಫೋಟೊ ತೆಗೆದು ಚೌಕಟ್ಟು ಹಾಕಿಸುವ ನಾವು ಅದೇ ಜೀವವನ್ನು ಎಲೆಯ ಮೇಲೆ ಕಂಡರೆ ಕಂಬಳಿಹುಳು ಎಂದು ಸೀಮೆಎಣ್ಣೆ ಹಾಕುತ್ತೇವೆ. ಮೈಮುಟ್ಟಿದರೆ ತುರಿಸುವ ಹುಳುಗಳಿವೆ ನಿಜ. ಆ ಹೆದರಿಕೆಗೆ ಕಾರಣವಿದೆ. ಆದರೆ ಅಟ್ಲಾಸ್ ಪತಂಗದ ಮರಿ ತುರಿಸುವುದಿಲ್ಲ. ಬೆರಳಿನಷ್ಟು ದಪ್ಪ, ತಿಳಿಹಸಿರು, ಮೈಮೇಲೆ ಮೆತ್ತನೆಯ ಮುಳ್ಳುಗಳು, ಬಿಳಿ ಮೇಣದ ಪುಡಿ ಉದುರಿಸಿದಂತೆ ಕಾಣುತ್ತದೆ. ದಾಲ್ಚಿನ್ನಿ, ಸೀಬೆ ಅದು ತಿನ್ನುವ ಗಿಡಗಳಲ್ಲಿ ಸೇರಿವೆ. ಟಸರ್ ಪತಂಗದ ಮರಿ ನಮ್ಮ ಎಲೆಯುದುರುವ ಕಾಡಿನ ಮತ್ತಿ ಮರದ್ದು. ಒಂದು ಮತ್ತಿಯನ್ನು ಕಡಿದು ಜಾಗ ಮಾಡಿ ಅಕೇಶಿಯಾ ನೆಟ್ಟರೆ ಹಸಿರು ಹಸಿರಾಗಿಯೇ ಕಾಣುತ್ತದೆ, ಟಸರಿಗೆ ಮಾತ್ರ ಅದು ಮರಳುಗಾಡು. ಅಲ್ಲಿಗೆ ಬಂದು ಮೊಟ್ಟೆಯಿಡುವ ಹೆಣ್ಣಿಗೆ ತನ್ನ ಬಾಯಿ ಉಣ್ಣದಿರುವುದು ಕೊರತೆಯಲ್ಲ, ಮರಿಗಳ ಬಾಯಿಗೆ ಎಲೆಯಿಲ್ಲದಿರುವುದು ಕೊರತೆ. ಈ ಮರಿಗಳು ಎಲೆಯೆಲ್ಲ ತಿಂದು ಮರವನ್ನು ಬೋಳು ಮಾಡುತ್ತವಲ್ಲ ಎಂದು ತೋಟದವರು ಕೇಳುತ್ತಾರೆ. ಒಂದೆರಡು ಕೊಂಬೆ ಬೋಳಾಗುವುದುಂಟು. ಬಲಿತ ಮರ ಮುಂದಿನ ಚಿಗುರಿಗೆ ಅದನ್ನು ತುಂಬಿಕೊಳ್ಳುತ್ತದೆ.

ತಿಂದು ಮುಗಿಸಿದ ಅಟ್ಲಾಸ್ ಮರಿ ಎಲೆಯನ್ನೇ ಸುತ್ತಿಕೊಂಡು ಕಂದು ರೇಷ್ಮೆಯ ಗೂಡು ಕಟ್ಟಿ, ಅದನ್ನು ಎಳೆಯಿಂದ ಕೊಂಬೆಗೆ ಬಿಗಿಯುತ್ತದೆ. ಎಲೆ ಒಣಗಿದ ಮೇಲೂ ಅದು ಉದುರುವುದಿಲ್ಲ. ಒಣ ಎಲೆಯೊಂದು ನೇತಾಡುತ್ತಿದೆ ಎಂದು ಕಾಣುತ್ತದೆ ಅಷ್ಟೇ. ಬೇಸಿಗೆಯಲ್ಲಿ ಗಿಡ ಸವರುವಾಗ, ತರಗೆಲೆ ಗುಡಿಸಿ ಬೆಂಕಿ ಹಾಕುವಾಗ ಅನೇಕ ಗೂಡುಗಳು ಹೋಗುವುದು ಹೀಗೆ, ಯಾರ ಗಮನಕ್ಕೂ ಬಾರದೆ. ಸೀಬೆಯ ಕೊಂಬೆ ಸವರುವ ಮುನ್ನ, ಗಾಳಿ ಬಂದರೂ ಬೀಳದೆ ಭಾರವಾಗಿ ತೂಗುವ ಒಣ ಎಲೆ ಇದೆಯೇ ಎಂದು ಕೈಯಿಂದ ಮುಟ್ಟಿ ನೋಡಬೇಕು. ಒಳಗೆ ಗಟ್ಟಿಯಾಗಿ ಏನೋ ಸಿಕ್ಕರೆ ಆ ಕೊಂಬೆಯನ್ನು ಮಳೆಗಾಲ ಮುಗಿಯುವವರೆಗೆ ಬಿಡಬೇಕು.